ಕುಲುಮೆಗೆ ಏನು ಹಾಕಬೇಕು? ಬೀಡು ಕಬ್ಬಿಣದ ಕಚ್ಚಾಮಾಲುಗಳ ಹೋಲಿಕೆ

ಅದೇ ಕುಲುಮೆ, ಅದೇ ಪ್ಯಾಟರ್ನ್, ಸ್ಪೆಕ್ಟ್ರೋಮೀಟರ್ (ಲೋಹದ ರಸಾಯನ ಅಳೆಯುವ ಯಂತ್ರ) ವರದಿಯಲ್ಲಿ ಅದೇ ಕಾರ್ಬನ್, ಅದೇ ಸಿಲಿಕಾನ್. ಆದರೂ ಹಿಂದಿನ ಲಾಟು ಲೇತಿನಲ್ಲಿ ಸಲೀಸಾಗಿ ಕಡಿಯಿತು, ಈಗಿನದು ಟೂಲಿನ ಮೊನೆಯನ್ನೇ ತಿನ್ನುತ್ತಿದೆ. ಇಲ್ಲವೇ ಮಷಿನಿಂಗ್ ಮುಗಿದ ಮೇಲೆ ಮೈತುಂಬ ಸೂಜಿಮೊನೆಯಷ್ಟು ತೂತುಗಳು ಕಾಣುತ್ತಿವೆ. ಹೀಗಾದಾಗ ಮರಳನ್ನೋ ಲೋಹ ಸುರಿದವರನ್ನೋ ದೂರುವ ಮೊದಲು ಚಾರ್ಜ್ ಯಾರ್ಡಿಗೆ, ಅಂದರೆ ಕುಲುಮೆಗೆ ಹಾಕುವ ಮಾಲು (ಚಾರ್ಜ್) ರಾಶಿ ಹಾಕಿರುವ ಜಾಗಕ್ಕೆ ಹೋಗಿ, ಯಾವ ರಾಶಿಯಿಂದ ಏನು ಬಂತು ಎಂದು ನೋಡಬೇಕು.

ಕಚ್ಚಾಮಾಲು ಹೋಲಿಸುವಾಗ ಸಾಮಾನ್ಯವಾಗಿ ಎಲ್ಲರ ಕಣ್ಣು ಮೊದಲು ಹೋಗುವುದು ಕಾರ್ಬನ್ ಮತ್ತು ಸಿಲಿಕಾನ್ ಅಂಕಿಗಳ ಮೇಲೆ. ಅವೆರಡನ್ನೂ ಕುಲುಮೆಯಲ್ಲೇ ಸರಿಪಡಿಸಬಹುದು: ಕಡಿಮೆಯಾದರೆ ಸೇರಿಸಿದರಾಯಿತು, ಹೆಚ್ಚಾದರೆ ಉಕ್ಕು ಹಾಕಿ ಇಳಿಸಿದರಾಯಿತು. ಒಂದು ಮಾಲನ್ನು ಒಳ್ಳೆಯದು ಅಥವಾ ಕೆಟ್ಟದ್ದು ಮಾಡುವ ಸಂಗತಿಗಳು ಬೇರೆ ಎರಡಿವೆ. ಮೊದಲನೆಯದು, ಒಮ್ಮೆ ಒಳಹೊಕ್ಕರೆ ಹೊರಬರದ ಮೂಲವಸ್ತುಗಳು: ರಂಜಕ, ಕ್ರೋಮಿಯಂ, ತಾಮ್ರ, ತವರ, ನಿಕ್ಕಲ್. ಫೌಂಡ್ರಿಯ ಇಂಡಕ್ಷನ್ (ಕರೆಂಟಿನಿಂದ ಕರಗಿಸುವ) ಕುಲುಮೆಯಲ್ಲಿ ಇವನ್ನು ತೆಗೆಯಲು ದಾರಿಯಿಲ್ಲ, ಶುದ್ಧ ಲೋಹ ಬೆರೆಸಿ ತೆಳುಮಾಡುವುದಷ್ಟೇ ಸಾಧ್ಯ. ಎರಡನೆಯದು, ದಿನನಿತ್ಯದ ವರದಿಯಲ್ಲಿ ಕಾಣಿಸದ ವಿಷಯಗಳು: ನೈಟ್ರೋಜನ್, ಹೈಡ್ರೋಜನ್, ಕರಗಿದ ಆಕ್ಸೈಡ್, ಮತ್ತು ಗ್ರ್ಯಾಫೈಟ್ ಹುಟ್ಟಿಕೊಳ್ಳಲು ಬೇಕಾದ ಬೀಜಕಣಗಳು. ಮುಂದೆ ಬರುವ ಹೋಲಿಕೆಯೆಲ್ಲ ಈ ಎರಡು ಪ್ರಶ್ನೆಗಳ ಮೇಲೆ ನಿಂತಿದೆ.

ಮೊದಲು, ಏನನ್ನು ಎರಕ ಹೊಯ್ಯುತ್ತೀರಿ?

ಮಷಿನ್ ಬೆಡ್, ಪಂಪಿನ ಕವಚದಂಥ ಮಧ್ಯಮ ಗಾತ್ರದ ಗ್ರೇ ಐರನ್ (ಗ್ರ್ಯಾಫೈಟ್ ಎಸಳುಗಳಾಗಿ ಹರಡಿರುವ ಬೂದು ಬೀಡು) ಎರಕಕ್ಕೆ ಕಾರ್ಬನ್ ಶೇ 3.2ರಿಂದ 3.5, ಸಿಲಿಕಾನ್ ಶೇ 1.8ರಿಂದ 2.3, ಮ್ಯಾಂಗನೀಸ್ ಶೇ 0.5ರಿಂದ 0.8, ಗಂಧಕ ಶೇ 0.05ರಿಂದ 0.12, ರಂಜಕ ಶೇ 0.1ರೊಳಗೆ ಇದ್ದರೆ ಸರಿ. ಇಲ್ಲಿ ಮ್ಯಾಂಗನೀಸ್ ಮತ್ತು ಗಂಧಕ ಜೋಡಿಯಾಗಿ ನಡೆಯಬೇಕು. ಗಂಧಕದ 1.7 ಪಟ್ಟಿಗೆ ಶೇ 0.3 ಕೂಡಿಸಿದರೆ ಬರುವಷ್ಟು ಮ್ಯಾಂಗನೀಸ್ ಇರಲೇಬೇಕು. ಇಲ್ಲದಿದ್ದರೆ ಗಂಧಕವು ಕಬ್ಬಿಣದ ಜೊತೆಗೇ ಸೇರಿ ಅಂಚುಗಳನ್ನು ಬಿಳಿಯಾಗಿಸುತ್ತದೆ, ಅಂದರೆ ಅಲ್ಲಿ ಗ್ರ್ಯಾಫೈಟಿನ ಬದಲು ಗಡಸು ಕಾರ್ಬೈಡ್ ಹುಟ್ಟಿ ಎರಕ ಬಿರುಸಾಗುತ್ತದೆ.

ಎಸ್‌ಜಿ ಐರನ್ನಿನ (ಮೆಗ್ನೀಷಿಯಂ ಸೇರಿಸಿ ಗ್ರ್ಯಾಫೈಟನ್ನು ಉಂಡೆಯಾಗಿಸಿದ ಬೀಡು) ಹಟವೇ ಬೇರೆ. ಮೆಗ್ನೀಷಿಯಂ ಟ್ರೀಟ್‌ಮೆಂಟಿಗೆ ಮುಂಚೆ ಗಂಧಕ ಶೇ 0.015ರ ಆಸುಪಾಸಿಗೆ ಇಳಿದಿರಬೇಕು. ರಂಜಕ ಶೇ 0.03 ದಾಟಬಾರದು. ಬಾಗುವ ಗುಣ ಬೇಕಾದ ಫೆರಿಟಿಕ್ ಗ್ರೇಡ್ ಆದರೆ ಮ್ಯಾಂಗನೀಸ್ ಶೇ 0.2ರೊಳಗಿರಬೇಕು. ಗ್ರೇ ಐರನ್ನಿಗೆ ಬೇಕಾದ ಗಂಧಕ ಇಲ್ಲಿ ಶತ್ರು. ಹಾಗಾಗಿ ಒಂದೇ ಯಾರ್ಡಿನಲ್ಲಿ ಎರಡೂ ಬಗೆಯ ಎರಕ ನಡೆಯುತ್ತಿದ್ದರೆ ಎರಡಕ್ಕೂ ಬೇರೆ ಬೇರೆ ರಾಶಿ, ಬೇರೆ ಬೇರೆ ಬಕೆಟ್ ಇರಬೇಕು.

ತೂಕದ ಕಲ್ಲು, ಬ್ಯಾಲೆನ್ಸ್ ಬ್ಲಾಕಿನಂಥ ಎರಕಕ್ಕೆ ಇಷ್ಟೆಲ್ಲ ಕಟ್ಟುಪಾಡು ಬೇಡ. ಅಗ್ಗದ ಗುಜರಿ ಹೋಗಬೇಕಾದ ಜಾಗವೇ ಅದು.

ಪಿಗ್ ಐರನ್

ಅದಿರಿನಿಂದ ನೇರವಾಗಿ ತೆಗೆದ ಕಚ್ಚಾ ಕಬ್ಬಿಣ, ನಾಲ್ಕೂ ದಿಕ್ಕಿನಿಂದ ನೋಡಿದರೂ ನಂಬಿಕಸ್ಥ ಮಾಲು ಇದು. ಕಾರ್ಬನ್ ಶೇ 4ರ ಆಸುಪಾಸು, ಕಲಬೆರಕೆ ಲೋಹಗಳು ತೀರಾ ಕಡಿಮೆ, ಗಟ್ಟಿ ತುಂಡು, ಬೇಗ ಕರಗುತ್ತದೆ. ಇದರ ದೊಡ್ಡ ಗುಣ ವರದಿಯಲ್ಲಿ ಬರೆದಿರುವುದಿಲ್ಲ. ಪಿಗ್ ಐರನ್ನಿನೊಳಗೆ ಗ್ರ್ಯಾಫೈಟ್ ದಪ್ಪ ಎಸಳುಗಳಾಗಿ ಮೊದಲೇ ಕೂತಿರುತ್ತದೆ, ಕರಗಿದ ಮೇಲೂ ಅದರ ಅತಿಸಣ್ಣ ಉಳಿಕೆಗಳು ಸ್ವಲ್ಪ ಕಾಲ ದ್ರವದಲ್ಲಿ ಇರುತ್ತವೆ. ಲೋಹ ಅಚ್ಚಿನಲ್ಲಿ ಹೆಪ್ಪುಗಟ್ಟುವಾಗ ಹೊಸ ಗ್ರ್ಯಾಫೈಟ್ ಬೆಳೆಯುವುದಕ್ಕೆ ಅವೇ ಬೀಜ. ಬೀಜ ಸಾಕಷ್ಟಿದ್ದರೆ ಎಸಳುಗಳು ಸಮವಾಗಿ ಹರಡುತ್ತವೆ, ಚಿಲ್ (ಅಂಚು ಬಿಳಿಯಾಗುವುದು) ಕಡಿಮೆ, ಕುಗ್ಗುವಿಕೆಯೂ ಕಡಿಮೆ. 1,500 ಡಿಗ್ರಿ ಸೆಲ್ಸಿಯಸ್ ದಾಟಿಸಿ ಲೋಹವನ್ನು ಕುದಿಸುತ್ತಾ ಕೂತರೆ ಈ ಬೀಜಗಳು ಸಾಯುತ್ತವೆ. ಅಚ್ಚು ಸಿದ್ಧವಾಗದೆ ಲೋಹ ಕಾಯಬೇಕಾಗಿ ಬಂದರೆ, ಚಾರ್ಜಿನ ಶೇ 5ರಷ್ಟು ಪಿಗ್ ತುಂಡುಗಳನ್ನು ಎತ್ತಿಟ್ಟುಕೊಂಡು ಸುರಿಯುವ ಸ್ವಲ್ಪ ಮೊದಲು ಹಾಕುವುದು ಬಹಳ ಕೆಲಸಕ್ಕೆ ಬರುವ ಉಪಾಯ.

ಎಲ್ಲ ಪಿಗ್ ಒಂದೇ ಅಲ್ಲ. ಫೌಂಡ್ರಿ ಗ್ರೇಡಿನಲ್ಲಿ ಸಿಲಿಕಾನ್ ಶೇ 1.5ರಿಂದ 3ರವರೆಗೆ ಇರುತ್ತದೆ, ಗ್ರೇ ಐರನ್ನಿಗೆ ಹೇಳಿಮಾಡಿಸಿದ್ದು. ಉಕ್ಕಿನ ಕಾರ್ಖಾನೆಗೆಂದು ತಯಾರಾದ ಗ್ರೇಡಿನಲ್ಲಿ ಸಿಲಿಕಾನ್ ಕಡಿಮೆ, ಅದನ್ನು ಬಳಸಿದರೆ ಕೊರತೆಯನ್ನು ಸಿಲಿಕಾನ್ ಮತ್ತು ಕಬ್ಬಿಣದ ಮಿಶ್ರಲೋಹವಾದ ಫೆರೋಸಿಲಿಕಾನ್‌ನಿಂದ ತುಂಬಬೇಕು. ಎಸ್‌ಜಿ ಗ್ರೇಡಿನಲ್ಲಿ ಸಿಲಿಕಾನ್, ಮ್ಯಾಂಗನೀಸ್, ರಂಜಕ, ಗಂಧಕ ನಾಲ್ಕೂ ಕಡಿಮೆ. ಗ್ರೇ ಐರನ್ನಿಗೆ ಎಸ್‌ಜಿ ಗ್ರೇಡ್ ಸುರಿಯುವುದು ದುಡ್ಡಿನ ದಂಡ. ಎಸ್‌ಜಿಗೆ ಫೌಂಡ್ರಿ ಗ್ರೇಡ್ ಹಾಕುವುದು ಅದಕ್ಕಿಂತ ದೊಡ್ಡ ತಪ್ಪು, ಅದರ ಲೆಕ್ಕ ಮುಂದೆ ಬರುತ್ತದೆ.

ಉಕ್ಕಿನ ಗುಜರಿ

ಬೆಲೆಯಲ್ಲಿ ಪಿಗ್‌ಗಿಂತ ಹಗುರ, ರಂಜಕವೂ ಗಂಧಕವೂ ಕಡಿಮೆ. ಹೆಚ್ಚು ಉಕ್ಕು ಹಾಕಿದ ಗ್ರೇ ಐರನ್, ಸರಿಯಾಗಿ ಇನಾಕ್ಯುಲೇಟ್ ಮಾಡಿದರೆ (ಸುರಿಯುವ ಮುನ್ನ ಬೀಜಕಣ ಹುಟ್ಟಿಸುವ ಪುಡಿ ಬೆರೆಸಿದರೆ), ಅದೇ ಕಾರ್ಬನ್ ಅಂಶದಲ್ಲಿ ಹೆಚ್ಚು ಗಟ್ಟಿಯಾಗಿಯೇ ಬರುತ್ತದೆ. ಆದರೆ ಉಕ್ಕಿನಲ್ಲಿ ಬೀಜಕಣಗಳು ಇಲ್ಲವೇ ಇಲ್ಲ. ಜೊತೆಗೆ "ಉಕ್ಕು" ಎಂಬ ಒಂದೇ ಹೆಸರಿನಡಿ ಹತ್ತು ಜಾತಿಯ ಮಾಲು ಬಂದು ಬೀಳುತ್ತದೆ.

ಕಾರಿನ ಮೈಹಾಳೆಯ ಕಟಿಂಗ್ ಅತ್ಯುತ್ತಮ. ಡೀಪ್ ಡ್ರಾಯಿಂಗ್ ಹಾಳೆಯಲ್ಲಿ ಮ್ಯಾಂಗನೀಸ್ ಶೇ 0.2ರ ಸುತ್ತ ಇರುತ್ತದೆ. ಗ್ಯಾಲ್ವನೈಸ್ ಆಗಿರದಿದ್ದರೆ ಎಸ್‌ಜಿಗೂ ಕಣ್ಣುಮುಚ್ಚಿ ಹಾಕಬಹುದು. ಗ್ಯಾಲ್ವನೈಸ್ ಆಗಿದ್ದರೆ ಸತು 907 ಡಿಗ್ರಿಗೇ ಆವಿಯಾಗಿ ಬಿಳಿ ಹೊಗೆ ಎಬ್ಬಿಸುತ್ತದೆ, ಕುಲುಮೆಯ ಲೈನಿಂಗಿನೊಳಕ್ಕೂ ನುಗ್ಗುತ್ತದೆ. ಹೊಗೆ ಎಳೆಯುವ ವ್ಯವಸ್ಥೆ ಇಲ್ಲದ ಕಡೆ ಅದನ್ನು ಮುಟ್ಟಬೇಡಿ. ಪ್ಲೇಟ್ ಕಟಿಂಗ್ ಮತ್ತು ಪಂಚಿಂಗ್ ತುಂಡುಗಳು ಗಟ್ಟಿ, ಸ್ವಚ್ಛ. ಮ್ಯಾಂಗನೀಸ್ ಶೇ 0.5ರಿಂದ 1.2ರವರೆಗೆ ಇರುವುದರಿಂದ ಗ್ರೇ ಐರನ್ನಿಗೆ ಒಳ್ಳೆಯದು. ರೈಲು ಹಳಿಯಲ್ಲಿ ಕಾರ್ಬನ್ ಶೇ 0.6ರಿಂದ 0.8, ಮ್ಯಾಂಗನೀಸ್ ಶೇ 1ರ ಆಸುಪಾಸು. ಪರ್ಲಿಟಿಕ್ (ಹೆಚ್ಚು ಬಲದ, ಹೆಚ್ಚು ಗಡಸಿನ) ಗ್ರೇಗೆ ಅದು ವರ, ಫೆರಿಟಿಕ್ ಎಸ್‌ಜಿಗೆ ಬೇಡವೇ ಬೇಡ. ಟ್ರಾನ್ಸ್‌ಫಾರ್ಮರ್ ಮತ್ತು ಮೋಟಾರಿನ ಸ್ಟ್ಯಾಂಪಿಂಗ್‌ಗಳಲ್ಲಿ ಸಿಲಿಕಾನ್ ಶೇ 3ರವರೆಗೂ ಇರುತ್ತದೆ, ಆ ಲೆಕ್ಕ ಇಟ್ಟುಕೊಂಡು ಹಾಕಿ. ಅವಕ್ಕೆ ತಾಮ್ರದ ತಂತಿ ಸುತ್ತಿಕೊಂಡು ಬರುವುದೂ ಉಂಟು.

ಬೇಡದ ತುಂಡುಗಳು ಎಷ್ಟು ಹಾಳುಮಾಡುತ್ತವೆ ಎಂಬುದನ್ನು ಅಂಕಿಯಲ್ಲೇ ನೋಡಿ. ಒಂದು ಟನ್ ಚಾರ್ಜಿಗೆ ಶೇ 18 ಕ್ರೋಮಿಯಂನ ಸ್ಟೇನ್‌ಲೆಸ್ 5 ಕಿಲೋ ಬಿದ್ದರೆ ಕ್ರೋಮಿಯಂ ಶೇ 0.09 ಏರುತ್ತದೆ, ತೆಳು ಅಂಚಿನ ಎರಕ ಬಿಳಿಯಾಗಲು ಅಷ್ಟು ಸಾಕಾಗಬಹುದು. ಕ್ರಷರ್ ದವಡೆಯ ಶೇ 12 ಮ್ಯಾಂಗನೀಸ್ ಉಕ್ಕು 10 ಕಿಲೋ ಬಿದ್ದರೆ ಮ್ಯಾಂಗನೀಸ್ ಶೇ 0.12 ಏರಿತು. ಸೀಸದ ಮಾತಂತೂ ಭಯ ಹುಟ್ಟಿಸುವಂಥದ್ದು. ಶೇ 0.005ರಷ್ಟು ಸೀಸ ಗ್ರೇ ಐರನ್ನಿನ ಗ್ರ್ಯಾಫೈಟ್ ಎಸಳುಗಳ ಮೇಲೆ ಮುಳ್ಳಿನಂಥ ಕವಲುಗಳನ್ನು ಹುಟ್ಟಿಸುತ್ತದೆ, ದಪ್ಪ ಎರಕದಲ್ಲಿ ಎಳೆತದ ಬಲ ಅರ್ಧಕ್ಕೆ ಇಳಿಯುವುದೂ ಇದೆ. ಶೇ 0.005 ಎಂದರೆ ಟನ್ನಿಗೆ 50 ಗ್ರಾಂ. ಗಾಡಿಯ ಚಕ್ರದ ಅಂಚಿಗೆ ಸಿಕ್ಕಿಸಿರುವ ಹಳೆಯ ಸೀಸದ ಬ್ಯಾಲೆನ್ಸ್ ತುಂಡುಗಳು ಎರಡೋ ಮೂರೋ ಸೇರಿದರೆ ಅಷ್ಟು ತೂಗುತ್ತವೆ. ಒಂದಿಷ್ಟು ಆವಿಯಾಗಿ ಹೋದರೂ ಉಳಿದದ್ದು ಸಾಕು. ಸೀಸದ ಬಣ್ಣ ಬಳಿದ ಹಳೆಯ ಕಬ್ಬಿಣ, ಬೇರಿಂಗ್ ಶೆಲ್, ಸೀಸ ಬೆರೆಸಿದ ಫ್ರೀ ಕಟಿಂಗ್ ಉಕ್ಕು, ಬ್ಯಾಟರಿಯ ಟರ್ಮಿನಲ್ ಇವೆಲ್ಲ ಅದರ ಬಾಗಿಲುಗಳು.

ಅಯಸ್ಕಾಂತ ಒಂದನ್ನೇ ನಂಬಿ ಕೂರಬೇಡಿ. ಪಾತ್ರೆಯ ಸ್ಟೇನ್‌ಲೆಸ್ಸಿನಲ್ಲಿ ಹೆಚ್ಚಿನದು ಅದಕ್ಕೆ ಅಂಟುವುದಿಲ್ಲ, ದವಡೆಯ ಮ್ಯಾಂಗನೀಸ್ ಉಕ್ಕೂ ಅಂಟುವುದಿಲ್ಲ, ಆ ಮಟ್ಟಿಗೆ ಅದು ಉಪಕಾರಿ. ಕಾರಿನ ಹೊಗೆಕೊಳವೆಯ ಫೆರಿಟಿಕ್ ಸ್ಟೇನ್‌ಲೆಸ್ ಮಾತ್ರ ಮಾಮೂಲಿ ಉಕ್ಕಿನಂತೆಯೇ ಅಂಟುತ್ತದೆ, ಅದರಲ್ಲಿ ಕ್ರೋಮಿಯಂ ಶೇ 10.5ಕ್ಕೂ ಮೇಲಿರುತ್ತದೆ. ತುಕ್ಕು ಹಿಡಿಯದೆ ಹೊಳೆಯುವ ಕೊಳವೆ ಕಂಡರೆ ಗ್ರೈಂಡರಿಗೆ ಹಿಡಿದು ಕಿಡಿ ನೋಡಿ. ಮೆತು ಉಕ್ಕಿನ ಕಿಡಿ ಉದ್ದ, ಬೆಳ್ಳಗೆ, ತುದಿಯಲ್ಲಿ ಕವಲು. ಸ್ಟೇನ್‌ಲೆಸ್ಸಿನದು ಗಿಡ್ಡ, ಕೆಂಪು ಕಿತ್ತಳೆ, ಕವಲಿಲ್ಲ.

ಹಳೆಯ ಬೀಡಿನ ಗುಜರಿ

ಇಂಜಿನ್ ಬ್ಲಾಕ್ ಮತ್ತು ಸಿಲಿಂಡರ್ ಹೆಡ್ ಒಳ್ಳೆಯ ಮಾಲು. ಅವುಗಳಲ್ಲಿ ಕ್ರೋಮಿಯಂ, ತಾಮ್ರ, ತವರ ಸ್ವಲ್ಪ ಸ್ವಲ್ಪ ಇರುವುದು ಪರ್ಲಿಟಿಕ್ ಗ್ರೇಗೆ ಅನುಕೂಲವೇ. ಆದರೆ ಒಡೆದು ನೋಡದೆ ಹಾಕಬೇಡಿ. ಒಳಗೆ ಸಿಕ್ಕಿಕೊಂಡ ಅಲ್ಯೂಮಿನಿಯಂ ಪಿಸ್ಟನ್ ಒಂದಿದ್ದರೆ ಇಡೀ ಹೀಟ್ (ಒಂದು ಸಲಕ್ಕೆ ಕರಗಿಸಿದ ಲೋಹ) ಪಿನ್‌ಹೋಲಿಗೆ, ಅಂದರೆ ಸೂಜಿಮೊನೆಯಂಥ ತೂತುಗಳಿಗೆ ಹೋಗಬಹುದು: ಲೋಹದಲ್ಲಿ ಅಲ್ಯೂಮಿನಿಯಂ ಶೇ 0.01 ದಾಟಿದ ಮೇಲೆ ಹಸಿ ಮರಳಿನ ತೇವದಿಂದ ಹೈಡ್ರೋಜನ್ ಎಳೆದುಕೊಳ್ಳುವ ಅಪಾಯ ಏರುತ್ತದೆ.

ಮಷಿನರಿ ಗುಜರಿ ಇದರ ನಂತರ. ಮುರಿದ ಮುಖ ಬೂದುಬಣ್ಣದ್ದಾಗಿ, ಹರಳು ಸಣ್ಣದಾಗಿ, ಸಮವಾಗಿ ಕಂಡರೆ ತೆಗೆದುಕೊಳ್ಳಿ. ಹಳೆಯ ಅಲಂಕಾರದ ಜಾಲರಿ, ತೆಳು ಪೈಪು, ಒಲೆಯ ತಟ್ಟೆಗಳಲ್ಲಿ ರಂಜಕ ಶೇ 0.5 ದಾಟಿರುವುದು ಸಾಮಾನ್ಯ, ತೆಳು ಅಚ್ಚಿನಲ್ಲಿ ಲೋಹ ಹರಿಯಲಿ ಎಂದೇ ಅಂದು ಅಷ್ಟು ಇಟ್ಟಿದ್ದರು. ಅಂಥ ಅಲಂಕಾರದ ಕೆಲಸವನ್ನೇ ಇವತ್ತು ನೀವೂ ಮಾಡುತ್ತಿದ್ದರೆ ಅದು ಸಲ್ಲುತ್ತದೆ. ಒತ್ತಡ ತಡೆಯಬೇಕಾದ ವಾಲ್ವಿಗೆ ಸಲ್ಲದು, ರಂಜಕದ ಜಾಲ ಕೊನೆಗೆ ಹೆಪ್ಪುಗಟ್ಟುವುದರಿಂದ ಒಳಗೆ ಸಣ್ಣ ಟೊಳ್ಳು ಉಳಿದು ನೀರು ಒಸರುತ್ತದೆ. ಬೆಂಕಿಯಲ್ಲಿ ವರ್ಷಗಟ್ಟಲೆ ಸುಟ್ಟು ಊದಿಕೊಂಡ ಗ್ರೇಟ್ ಬಾರ್‌ಗಳನ್ನು ತೂಕಕ್ಕೂ ತೆಗೆದುಕೊಳ್ಳಬೇಡಿ, ಒಳಗೆಲ್ಲ ಆಕ್ಸೈಡ್. ಎನಾಮಲ್ ಬಳಿದ ಸ್ನಾನದ ತೊಟ್ಟಿ, ಸಿಂಕ್ ಬಂದರೆ ಬೇರೆ ಇಡಿ. ಆ ಗಾಜಿನ ಪದರದ ಬೋರಾನ್ ಅತಿ ಕಡಿಮೆ ಪ್ರಮಾಣದಲ್ಲೂ ಗಡಸು ಕಾರ್ಬೈಡ್ ಹುಟ್ಟಿಸುತ್ತದೆ.

ರಿಟರ್ನ್ಸ್, ಬೋರಿಂಗ್, ಸ್ಪಾಂಜ್ ಐರನ್

ರಿಟರ್ನ್ಸ್ ಎಂದರೆ ನಿಮ್ಮದೇ ರನ್ನರ್ (ಅಚ್ಚಿಗೆ ಲೋಹ ಹರಿದ ಕಾಲುವೆ), ರೈಸರ್ (ಕುಗ್ಗುವ ಎರಕಕ್ಕೆ ಲೋಹ ಒದಗಿಸುವ ಕಂಬ), ತಿರಸ್ಕೃತ ಎರಕಗಳು. ಅವುಗಳ ರಸಾಯನ ನಿಮಗೆ ಗೊತ್ತು, ಅದಕ್ಕಿಂತ ನಿಖರವಾದ ಗುಜರಿ ಇನ್ನೊಂದಿಲ್ಲ. ತೊಂದರೆ ಅಂಟಿದ ಮರಳಿನದು. ಶಾಟ್ ಬ್ಲಾಸ್ಟ್ ಮಾಡದೆ ಹಾಕಿದರೆ ಆ ಮರಳೆಲ್ಲ ಕಿಟ್ಟವಾಗಿ ತೇಲುತ್ತದೆ, ಕರಗಿಸಲು ಕರೆಂಟೂ ವ್ಯರ್ಥ. ಎಸ್‌ಜಿ ರಿಟರ್ನ್ಸನ್ನು ಗ್ರೇಗೆ ಹಾಕಿದರೆ ಗಂಧಕ ಇಳಿದು ಇನಾಕ್ಯುಲೇಷನ್ ಹಿಡಿಯುವುದಿಲ್ಲ. ಗ್ರೇ ರಿಟರ್ನ್ಸನ್ನು ಎಸ್‌ಜಿಗೆ ಹಾಕಿದರೆ ಗಂಧಕ ಮೆಗ್ನೀಷಿಯಂ ತಿನ್ನುತ್ತದೆ: ಪ್ರತಿ ಶೇ 0.01 ಗಂಧಕಕ್ಕೆ ಸುಮಾರು ಶೇ 0.0076 ಮೆಗ್ನೀಷಿಯಂ ಖರ್ಚು.

ಲೇತ್ ಬೋರಿಂಗ್ (ಲೇತಿನಲ್ಲಿ ಉದುರುವ ಲೋಹದ ಪುಡಿ) ಅಗ್ಗ ಎಂದು ಕಂಡರೂ ಎಣ್ಣೆ, ನೀರು, ತುಕ್ಕು ಮೂರನ್ನೂ ಹೊತ್ತು ತರುತ್ತದೆ. ಒಣಗಿಸಿ, ಒತ್ತಿ ಇಟ್ಟಿಗೆ ಮಾಡಿದ್ದಾದರೆ ಶೇ 10ರಷ್ಟು ಸೇರಿಸಬಹುದು. ಒದ್ದೆ ಬೋರಿಂಗನ್ನು ಕರಗಿದ ಲೋಹಕ್ಕೆ ಸುರಿಯುವುದು ಪ್ರಾಣಕ್ಕೇ ಅಪಾಯ, ನೀರು ಕ್ಷಣದಲ್ಲಿ ಆವಿಯಾಗಿ ಲೋಹವನ್ನು ಹೊರಕ್ಕೆ ಎಸೆಯುತ್ತದೆ.

ಸ್ಪಾಂಜ್ ಐರನ್ ಎಂದರೆ ಅದಿರನ್ನು ಕರಗಿಸದೆ ಆಕ್ಸಿಜನ್ ತೆಗೆದು ಮಾಡಿದ ಕಬ್ಬಿಣ. ಅದರಲ್ಲಿ ತಾಮ್ರ, ತವರ, ಕ್ರೋಮಿಯಂ ಇಲ್ಲವೆನ್ನುವಷ್ಟು ಕಡಿಮೆ. ಗುಜರಿಯ ಕೊಳೆಯನ್ನು ತೆಳುಮಾಡಲು ಅದು ಅನುಕೂಲ. ಆದರೆ ಉಳಿದಿರುವ ಕಬ್ಬಿಣದ ಆಕ್ಸೈಡ್ ಕಾರ್ಬನ್ ತಿನ್ನುತ್ತದೆ, ಮಣ್ಣಿನ ಅಂಶ ಕಿಟ್ಟ ಹೆಚ್ಚಿಸುತ್ತದೆ. ದ್ರವ ಇರುವಾಗ ಸ್ವಲ್ಪ ಸ್ವಲ್ಪವಾಗಿ, ಶೇ 10ರಿಂದ 15ರೊಳಗೆ ಇಟ್ಟುಕೊಳ್ಳುವುದು ಕ್ಷೇಮ.

ಎರಡು ಚಾರ್ಜ್, ಒಂದೇ ಗುರಿ

ಪಿಗ್ ಜಾಸ್ತಿಯೋ ಉಕ್ಕು ಜಾಸ್ತಿಯೋ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಲೆಕ್ಕ ಬರೆದಾಗಲೇ. ಗುರಿ: ಕಾರ್ಬನ್ ಶೇ 3.35, ಸಿಲಿಕಾನ್ ಶೇ 1.95, ಮ್ಯಾಂಗನೀಸ್ ಶೇ 0.7, ಗಂಧಕ ಶೇ 0.07. ಸಿಲಿಕಾನ್‌ನಲ್ಲಿ ಶೇ 0.15 ಲೇಡಲ್‌ನಲ್ಲಿ (ಲೋಹ ಸುರಿಯುವ ಪಾತ್ರೆ) ಹಾಕುವ ಇನಾಕ್ಯುಲೆಂಟಿನಿಂದ ಬರುತ್ತದೆ, ಕುಲುಮೆಯಲ್ಲಿ ಶೇ 1.8 ಸಾಕು. ಪಿಗ್‌ನಲ್ಲಿ ಕಾರ್ಬನ್ ಶೇ 4.1, ಸಿಲಿಕಾನ್ ಶೇ 2, ಮ್ಯಾಂಗನೀಸ್ ಶೇ 0.6, ಉಕ್ಕಿನಲ್ಲಿ ಕಾರ್ಬನ್ ಮತ್ತು ಸಿಲಿಕಾನ್ ತಲಾ ಶೇ 0.15, ಮ್ಯಾಂಗನೀಸ್ ಶೇ 0.5, ರಿಟರ್ನ್ಸಿನಲ್ಲಿ ಎಲ್ಲವೂ ಗುರಿಯಷ್ಟೇ ಎಂದಿಟ್ಟುಕೊಳ್ಳಿ. ಕಾರ್ಬುರೈಸರಿನ (ಕಾರ್ಬನ್ ಏರಿಸಲು ಹಾಕುವ ಕರಿಪುಡಿ) ಕಾರ್ಬನ್ನಿನಲ್ಲಿ ಶೇ 85, ಸಿಲಿಕಾನ್‌ನಲ್ಲಿ ಶೇ 90, ಮ್ಯಾಂಗನೀಸ್‌ನಲ್ಲಿ ಶೇ 85 ಲೋಹಕ್ಕೆ ದಕ್ಕುತ್ತದೆ. ಕರಗುವಾಗಿನ ನಷ್ಟ ಬಿಟ್ಟು, 1,000 ಕಿಲೋ ಲೋಹಕ್ಕೆ:

| ಮಾಲು (ಕಿಲೋ) | ಪಿಗ್ ಚಾರ್ಜ್ | ಉಕ್ಕಿನ ಚಾರ್ಜ್ |
|---|---|---|
| ಪಿಗ್ ಐರನ್ | 400 | 0 |
| ರಿಟರ್ನ್ಸ್ | 400 | 400 |
| ಉಕ್ಕು | 200 | 600 |
| ಕಾರ್ಬುರೈಸರ್ | 4.1 | 21.1 |
| ಸಿಲಿಕಾನ್ ಕಾರ್ಬೈಡ್ | 0 | 8 |
| ಶೇ 75 ಫೆರೋಸಿಲಿಕಾನ್ | 2.8 | 7.1 |
| ಫೆರೋಮ್ಯಾಂಗನೀಸ್ | 1.3 | 2.0 |

ಇಲ್ಲಿ ಮುಖ್ಯ ಸಾಲು ಕಾರ್ಬುರೈಸರಿನದು. 4 ಕಿಲೋ ಎಲ್ಲಿ, 21 ಕಿಲೋ ಎಲ್ಲಿ! ಅಂದರೆ ಉಕ್ಕಿನ ಚಾರ್ಜಿನಲ್ಲಿ ಎರಕದ ಗುಣವನ್ನು ನಿರ್ಧರಿಸುವುದು ಉಕ್ಕಿಗಿಂತ ಹೆಚ್ಚಾಗಿ ಈ ಕರಿಪುಡಿ.

ಕಾರ್ಬುರೈಸರ್‌ಗಳಲ್ಲಿ ಎರಡು ಕುಲ. ಕ್ಯಾಲ್ಸೈನ್ ಮಾಡಿದ ಪೆಟ್ರೋಲಿಯಂ ಕೋಕ್, ಅಂದರೆ ಸಿಪಿಸಿ, ಅಗ್ಗ. ಅದರಲ್ಲಿ ಗಂಧಕ ಶೇ 0.5ರಿಂದ 1 ಅಥವಾ ಇನ್ನೂ ಮೇಲೆ, ನೈಟ್ರೋಜನ್ ಶೇ 0.5ರಿಂದ 1. ಅದನ್ನೇ ಅತಿ ಉಷ್ಣದಲ್ಲಿ ಗ್ರ್ಯಾಫೈಟ್ ಆಗಿಸಿದರೆ ಜಿಪಿಸಿ: ಗಂಧಕ ಶೇ 0.05ರೊಳಗೆ, ನೈಟ್ರೋಜನ್ ಶೇ 0.03ರ ಸುತ್ತ. ಎಲೆಕ್ಟ್ರೋಡ್ ಗ್ರ್ಯಾಫೈಟಿನ ಪುಡಿಯೂ ಈ ಕುಲದ್ದೇ. ಕಾಗದದ ಮೇಲೆ ಗೀಚಿ ನೋಡಿ: ಗ್ರ್ಯಾಫೈಟ್ ಪೆನ್ಸಿಲಿನಂತೆ ನುಣುಪಾದ ಹೊಳೆಯುವ ಗೆರೆ ಬಿಡುತ್ತದೆ, ಸಿಪಿಸಿ ಕಾಗದವನ್ನು ಕೆರೆಯುತ್ತದೆ.

ಈಗ ಮೇಲಿನ ಲೆಕ್ಕಕ್ಕೆ ಹಾಕಿ. ಶೇ 0.8 ನೈಟ್ರೋಜನ್ ಇರುವ ಸಿಪಿಸಿ 21.1 ಕಿಲೋ ಹಾಕಿದರೆ ಅದರೊಂದಿಗೆ ಹೋಗುವ ನೈಟ್ರೋಜನ್ 169 ಗ್ರಾಂ, ಅಂದರೆ ಒಂದು ಟನ್ ಲೋಹದಲ್ಲಿ 169 ಪಿಪಿಎಂ (ಹತ್ತು ಲಕ್ಷ ಪಾಲಿಗೆ 169 ಪಾಲು). ಅದರಲ್ಲಿ ಅರ್ಧವಷ್ಟೇ ಲೋಹಕ್ಕೆ ಇಳಿದರೂ, ಉಕ್ಕಿನಲ್ಲಿ ಮೊದಲೇ ಇರುವುದನ್ನು ಕೂಡಿಸಿದರೆ 100 ಪಿಪಿಎಂ ಗೆರೆ ದಾಟುತ್ತದೆ. ದಪ್ಪ ಗ್ರೇ ಎರಕದಲ್ಲಿ ಬಿರುಕಿನಾಕಾರದ ಉದ್ದುದ್ದ ಸೀಳು ರಂಧ್ರಗಳು ಕಾಣಿಸಿಕೊಳ್ಳುವುದು ಆ ಮಟ್ಟದಲ್ಲೇ. ಅವನ್ನು ಕುಗ್ಗುವಿಕೆ ಎಂದು ತಿಳಿದು ರೈಸರ್ ದೊಡ್ಡದು ಮಾಡುತ್ತಾ ಹೋದವರು ಬಹಳ. ಅದೇ ಸಿಪಿಸಿಯನ್ನು ಪಿಗ್ ಚಾರ್ಜಿಗೆ 4.1 ಕಿಲೋ ಹಾಕಿದರೆ ಬರುವುದು 33 ಪಿಪಿಎಂ, ಏನೂ ತೊಂದರೆಯಿಲ್ಲ. ಉಕ್ಕಿನ ಚಾರ್ಜಿಗೆ ಜಿಪಿಸಿ ಹಾಕಿದರೆ 6 ಪಿಪಿಎಂ. ಹಾಗಾಗಿ ಪಿಗ್ ಬಿಟ್ಟು ಉಕ್ಕಿಗೆ ಹೋಗುವವರು ಜಿಪಿಸಿಯ ಖರ್ಚನ್ನೂ ಸೇರಿಸಿಯೇ ಉಳಿತಾಯ ಎಣಿಸಬೇಕು. ಸಿಪಿಸಿ ಹಾಕಿ ಕೆಟ್ಟ ಮೇಲೆ ಟೈಟಾನಿಯಂ ಶೇ 0.02ರಷ್ಟು ಸೇರಿಸಿ ನೈಟ್ರೋಜನ್ ಕಟ್ಟಿಹಾಕುವ ಪದ್ಧತಿ ಇದೆ. ಆದರೆ ಹಾಗೆ ಹುಟ್ಟುವ ಹರಳುಗಳು ಬಲು ಗಡಸು, ಮಷಿನ್ ಶಾಪಿನ ಟೂಲುಗಳು ಅದರ ಬೆಲೆ ತೆರುತ್ತವೆ. ಕೋರ್ ಮರಳಿನ ಅಂಟಿನಲ್ಲಿ ಯೂರಿಯಾ ಇದ್ದರೆ ಅದೂ ನೈಟ್ರೋಜನ್ ಕೊಡುತ್ತದೆ ಎಂಬುದು ನೆನಪಿರಲಿ.

ಜಿಪಿಸಿಗೆ ಬದಲಾದ ಮೇಲೆ ಇನ್ನೊಂದು ತೊಡಕು ಎದುರಾಗುತ್ತದೆ, ಹಲವರು ಎಡವುವುದು ಇಲ್ಲೇ. ರಿಟರ್ನ್ಸಿನಿಂದ ಮತ್ತು ಶೇ 0.03 ಗಂಧಕದ ಉಕ್ಕಿನಿಂದ ಒಟ್ಟು ಸಿಗುವುದು ಶೇ 0.046 ಗಂಧಕ. ಆ ಲೋಹದ ರಿಟರ್ನ್ಸ್ ಮತ್ತೆ ಕುಲುಮೆಗೆ ಬಂದಂತೆ ಹೀಟ್‌ನಿಂದ ಹೀಟ್‌ಗೆ ಅದು ಇನ್ನೂ ಇಳಿಯುತ್ತದೆ. ಶೇ 0.04ಕ್ಕಿಂತ ಕೆಳಗೆ ಹೋದರೆ ಗ್ರೇ ಐರನ್ ಇನಾಕ್ಯುಲೆಂಟಿಗೆ ಓಗೊಡುವುದೇ ಇಲ್ಲ, ಏಕೆಂದರೆ ಗ್ರ್ಯಾಫೈಟ್ ಹತ್ತಿಕೊಳ್ಳುವ ಕಣಗಳು ಮ್ಯಾಂಗನೀಸ್ ಸಲ್ಫೈಡಿನವು. ಆಗ ಅಂಚು ಬಿಳಿ, ಒಳಗೆ ಅತಿ ಸಣ್ಣ ಹೆಣೆದಂಥ ಗ್ರ್ಯಾಫೈಟ್. ಪರಿಹಾರ ಸುಲಭ: ಶೇ 48 ಗಂಧಕದ ಐರನ್ ಪೈರೈಟ್ ಟನ್ನಿಗೆ 0.6ರಿಂದ 0.7 ಕಿಲೋ ಹಾಕಿ ಶೇ 0.07ಕ್ಕೆ ತನ್ನಿ.

ಕಾರ್ಬುರೈಸರನ್ನು ಚಾರ್ಜಿನ ಮೊದಲ ಮೂರನೇ ಒಂದು ಭಾಗದಲ್ಲಿ, ಉಕ್ಕಿನ ಜೊತೆಗೆ ಹಾಕಿ. ಫೆರೋಸಿಲಿಕಾನ್ ಕೊನೆಗೆ. ಸಿಲಿಕಾನ್ ಮೊದಲೇ ಸೇರಿದ್ದರೆ ಕಾರ್ಬನ್ ಕರಗುವುದು ನಿಧಾನವಾಗುತ್ತದೆ. ಕಿಟ್ಟದ ಮೇಲೆ ಸುರಿದ ಕಾರ್ಬುರೈಸರ್ ಕಿಟ್ಟದ ಜೊತೆಗೇ ಹೊರಹೋಗುತ್ತದೆ.

ಸಿಲಿಕಾನ್‌ಗೆ ಎರಡು ದಾರಿ ಇಟ್ಟಿದ್ದಕ್ಕೂ ಕಾರಣವಿದೆ. ಶೇ 90 ಶುದ್ಧದ ಸಿಲಿಕಾನ್ ಕಾರ್ಬೈಡಿನಿಂದ ಶೇ 63 ಸಿಲಿಕಾನ್, ಶೇ 27 ಕಾರ್ಬನ್ ಸಿಗುತ್ತದೆ. ಅದು ಕರಗದೆ ನಿಧಾನವಾಗಿ ಲೀನವಾಗುವುದರಿಂದ ಆಕ್ಸೈಡನ್ನು ತಿಂದು, ಬೀಜಕಣಗಳನ್ನೂ ಬಿಟ್ಟುಹೋಗುತ್ತದೆ. ಪಿಗ್ ಇಲ್ಲದ ಚಾರ್ಜಿನಲ್ಲಿ ಪಿಗ್ ಮಾಡುತ್ತಿದ್ದ ಕೆಲಸದ ಒಂದು ಪಾಲನ್ನು ಅದು ವಹಿಸಿಕೊಳ್ಳುತ್ತದೆ. ಹಾಗೆಂದೇ ಉಕ್ಕಿನ ಚಾರ್ಜಿಗೆ ಅದನ್ನು ಹಾಕದೆ ಇರಬೇಡಿ ಎಂಬುದು ನಮ್ಮ ಸಲಹೆ. ಫೆರೋಸಿಲಿಕಾನ್ ಕೊಳ್ಳುವಾಗ ಅಲ್ಯೂಮಿನಿಯಂ ಎಷ್ಟೆಂದು ಕೇಳಿ. ಶೇ 1.5 ಇದ್ದರೆ 7 ಕಿಲೋದಲ್ಲಿ 105 ಗ್ರಾಂ, ಒಟ್ಟು ಲೋಹದ ಶೇ 0.01. ಮೇಲೆ ಹೇಳಿದ ಪಿನ್‌ಹೋಲ್ ಗೆರೆ ಅದೇ.

ಎಸ್‌ಜಿಯಲ್ಲಿ ಸಿಲಿಕಾನ್ ಜಾಗದ ಲೆಕ್ಕ

ಎಸ್‌ಜಿ ಚಾರ್ಜಿನಲ್ಲಿ ರಿಟರ್ನ್ಸ್ ಎಷ್ಟು ಹಾಕಬಹುದು ಎಂಬುದನ್ನು ಸಿಲಿಕಾನ್ ನಿರ್ಧರಿಸುತ್ತದೆ. ಕೊನೆಯ ಗುರಿ ಶೇ 2.5 ಇರಲಿ. ಶೇ 45 ಸಿಲಿಕಾನ್‌ನ ಮೆಗ್ನೀಷಿಯಂ ಮಿಶ್ರಲೋಹ ಟನ್ನಿಗೆ 15 ಕಿಲೋ, ಇನಾಕ್ಯುಲೆಂಟ್ 4 ಕಿಲೋ ಹಾಕಿದರೆ ಅವೆರಡೇ ಸುಮಾರು ಶೇ 0.95 ತರುತ್ತವೆ. ಕುಲುಮೆಯಲ್ಲಿ ಇರಬಹುದಾದದ್ದು ಶೇ 1.55, ಅಂದರೆ 15.5 ಕಿಲೋ. 500 ಕಿಲೋ ರಿಟರ್ನ್ಸ್ ಹಾಕಿದರೆ ಅದರಲ್ಲಿ 12.5 ಕಿಲೋ ಮುಗಿಯಿತು. ಉಳಿದ ಜಾಗ 3 ಕಿಲೋ. 300 ಕಿಲೋ ಉಕ್ಕು 0.45 ಕಿಲೋ ತೆಗೆದುಕೊಳ್ಳುತ್ತದೆ. ಇನ್ನು 200 ಕಿಲೋ ಪಿಗ್: ಶೇ 0.8 ಸಿಲಿಕಾನ್‌ನ ಎಸ್‌ಜಿ ಗ್ರೇಡ್ ಆದರೆ 1.6 ಕಿಲೋ, ಜಾಗವಿದೆ. ಶೇ 2ರ ಫೌಂಡ್ರಿ ಗ್ರೇಡ್ ಆದರೆ 4 ಕಿಲೋ, ಎರಕದ ಸಿಲಿಕಾನ್ ಶೇ 2.65 ತಲುಪಿತು. ಚಳಿಯಲ್ಲಿ ಕೆಲಸ ಮಾಡುವ ಬಿಡಿಭಾಗಕ್ಕೆ ಇದು ನೇರ ಪೆಟ್ಟು, ಸಿಲಿಕಾನ್ ಏರಿದಂತೆ ಎರಕವು ಅಷ್ಟೇನೂ ಚಳಿಯಿಲ್ಲದಾಗಲೇ ಬಾಗದೆ ಒಡೆಯುವ ಸ್ವಭಾವಕ್ಕೆ ತಿರುಗುತ್ತದೆ. ಫೌಂಡ್ರಿ ಗ್ರೇಡ್ ತರುವ ರಂಜಕ ಇದರ ಮೇಲೆ ಇನ್ನೊಂದು ಹೊರೆ.

ಉಕ್ಕಿನ ಆಯ್ಕೆಯೂ ಇಲ್ಲಿ ಅಷ್ಟೇ ಬಿಗಿ. ಶೇ 0.9 ಮ್ಯಾಂಗನೀಸ್‌ನ ಪ್ಲೇಟ್ 300 ಕಿಲೋ ಹಾಕಿದರೆ ಅದೊಂದರಿಂದಲೇ ಶೇ 0.27. ಡೀಪ್ ಡ್ರಾಯಿಂಗ್ ಹಾಳೆಯಾದರೆ ಶೇ 0.06. ದಪ್ಪ ಎರಕದಲ್ಲಿ ಮ್ಯಾಂಗನೀಸ್ ಕೊನೆಗೆ ಹೆಪ್ಪುಗಟ್ಟುವ ಗಡಿಗಳಿಗೆ ಸರಿದು ಅಲ್ಲಿ ಕಾರ್ಬೈಡ್ ಆಗಿ ಕೂರುತ್ತದೆ, ಹೀಟ್ ಟ್ರೀಟ್‌ಮೆಂಟ್ ಮಾಡಿದರೂ ಪೂರ್ತಿ ಹೋಗದು. ಪರ್ಲಿಟಿಕ್ ಎಸ್‌ಜಿ ಬೇಕಿದ್ದರೆ ಮ್ಯಾಂಗನೀಸ್ ಏರಿಸುವ ಬದಲು ತಾಮ್ರ ಶೇ 0.5ರಿಂದ 0.8 ಸೇರಿಸುವುದು ಒಳ್ಳೆಯ ದಾರಿ.

ಶುದ್ಧತೆಗೂ ಮಿತಿ ಇದೆ. ಅತಿ ಶುದ್ಧ ಚಾರ್ಜ್ ಮಾಡಿ, ಗುಜರಿಯ ಸೀಸ, ಟೈಟಾನಿಯಂ ಕಾಟಕ್ಕೆಂದು ಇಟ್ಟಿದ್ದ ರೇರ್ ಅರ್ತ್ (ಸೀರಿಯಂನಂಥ ಲೋಹಗಳು) ಹೆಚ್ಚಿರುವ ಮಿಶ್ರಲೋಹವನ್ನೇ ಬಳಸಿದರೆ ದಪ್ಪ ಎರಕದ ನಡುವಿನಲ್ಲಿ ಗ್ರ್ಯಾಫೈಟ್ ಉಂಡೆಯಾಗದೆ ಪುಡಿಪುಡಿ ಗುಂಪಾಗುತ್ತದೆ. ಚಾರ್ಜ್ ಶುದ್ಧವಾದರೆ ರೇರ್ ಅರ್ತ್ ಇಳಿಸಬೇಕು.

ಕುಪೋಲಾ ಆದರೆ

ಕುಪೋಲಾ ಎಂದರೆ ಕೋಕ್ ಉರಿಸಿ ಕಬ್ಬಿಣ ಕರಗಿಸುವ ಕಂಬದಂಥ ಕುಲುಮೆ. ಅಲ್ಲಿ ಕೋಕ್ ಕೂಡ ಕಚ್ಚಾಮಾಲೇ. ಬೂದಿ ಶೇ 12ರೊಳಗೆ, ಗಂಧಕ ಶೇ 0.6ರ ಆಸುಪಾಸು, ತುಂಡಿನ ಗಾತ್ರ ಕುಪೋಲಾ ಒಳವ್ಯಾಸದ ಹತ್ತನೇ ಒಂದರಷ್ಟು. ಉಕ್ಕು ಕೋಕ್‌ನಿಂದಲೇ ಕಾರ್ಬನ್ ಹೀರಿಕೊಳ್ಳುವುದರಿಂದ ಕಾರ್ಬುರೈಸರಿನ ಚಿಂತೆಯಿಲ್ಲ. ಬದಲಿಗೆ ಗಂಧಕ ಏರುತ್ತದೆ, ಸಿಲಿಕಾನ್ ಶೇ 10ರಿಂದ 15, ಮ್ಯಾಂಗನೀಸ್ ಶೇ 15ರಿಂದ 20 ಪಾಲು ಸುಟ್ಟುಹೋಗುತ್ತದೆ. ಸುಣ್ಣಕಲ್ಲು ಕೋಕ್ ತೂಕದ ಶೇ 25ರಿಂದ 30. ಗ್ರೇಗೆ ಇದು ಒಗ್ಗುತ್ತದೆ, ಎಸ್‌ಜಿಗೆ ಗಂಧಕ ತೆಗೆಯುವ ಹಂತ ಬೇರೆಯೇ ಬೇಕು.

ಯಾರ್ಡಿನಲ್ಲಿ

ಗುಜರಿಯನ್ನು ಸೂರಿನಡಿ, ಕಾಂಕ್ರೀಟ್ ನೆಲದ ಮೇಲೆ ಇಡಿ. ತುಕ್ಕು ಬರೀ ತೂಕದ ನಷ್ಟವಲ್ಲ: ಅದು ಕಾರ್ಬನ್, ಸಿಲಿಕಾನ್, ಮ್ಯಾಂಗನೀಸ್ ಮೂರನ್ನೂ ಸುಟ್ಟು, ಸಿಲಿಕಾ ಲೈನಿಂಗನ್ನೂ ಕರಗಿಸಿ ಕಿಟ್ಟವಾಗಿಸುತ್ತದೆ. ಎರಡೂ ತುದಿ ಮುಚ್ಚಿದ ಪೈಪು, ಸಿಲಿಂಡರ್, ಶಾಕ್ ಅಬ್ಸಾರ್ಬರ್ ಕಂಡರೆ ಸೀಳದೆ ಹಾಕಬೇಡಿ, ಕುಲುಮೆಯಲ್ಲಿ ಅವು ಬಾಂಬಿನಂತೆ ಸಿಡಿಯುತ್ತವೆ.

ಹೊಸ ಸರಬರಾಜಿನ ಮಾಲು ಬಂದಾಗ ಅದನ್ನು ಚಾರ್ಜಿನ ಶೇ 10ರಷ್ಟು ಮಾತ್ರ ಸೇರಿಸಿ ಒಂದು ಹೀಟ್ ತೆಗೆಯಿರಿ. ಸ್ಪೆಕ್ಟ್ರೋ ನಾಣ್ಯದ ಜೊತೆಗೆ ಚಿಲ್ ವೆಡ್ಜ್ (ಬೆಣೆಯಾಕಾರದ ಪರೀಕ್ಷೆಯ ತುಂಡು) ಸುರಿದು ಮುರಿದು ನೋಡಿ. ಕಾರ್ಬನ್, ಸಿಲಿಕಾನ್ ಎಂದಿನಂತಿದ್ದು ವೆಡ್ಜಿನ ತುದಿಯ ಬಿಳಿ ಭಾಗ ಎಂದಿಗಿಂತ ಅಗಲವಾಗಿದ್ದರೆ ಮೊದಲು ಕ್ರೋಮಿಯಂ ಅಂಕಿ ನೋಡಿ, ಅದು ಸರಿಯಿದ್ದರೆ ಗಂಧಕ, ಅದೂ ಸರಿಯಿದ್ದರೆ ಬೀಜಕಣದ ಕೊರತೆ. ಕೊನೆಯದಕ್ಕೆ ಮಾತ್ರ ಇನಾಕ್ಯುಲೆಂಟ್ ಶೇ 0.1 ಹೆಚ್ಚಿಸುವುದರಿಂದ ಗುಣ ಸಿಗುತ್ತದೆ. ಕ್ರೋಮಿಯಂ ಬಿಳಿಯನ್ನು ಅದರಿಂದ ಒಂದಿಷ್ಟು ಮರೆಮಾಚಬಹುದು, ವಾಸಿಮಾಡಲಾಗದು.

ಹೀಟ್ ಕೆಟ್ಟೇಹೋದರೆ, ಅದರ ಎರಕ ಮತ್ತು ರನ್ನರುಗಳಿಗೆ ಬಣ್ಣ ಬಳಿದು ಬೇರೆ ಕಂಪಾರ್ಟ್‌ಮೆಂಟಿಗೆ ಹಾಕಿ. ಶೇ 0.30 ಕ್ರೋಮಿಯಂ ಬಂದ ಲೋಹವನ್ನು ಎಂದಿನ ಅಭ್ಯಾಸದಲ್ಲಿ ಶೇ 40 ರಿಟರ್ನ್ಸ್ ಆಗಿ ಸುರಿದರೆ ಮುಂದಿನ ಹೀಟ್‌ಗೆ ಶೇ 0.12 ಬಳುವಳಿಯಾಗಿ ಬರುತ್ತದೆ, ಅದರ ಮುಂದಿನದಕ್ಕೂ ಶೇ 0.05ರಷ್ಟು. ಶೇ 10ರಂತೆ ಹಂಚಿ ಹಾಕಿದರೆ ಪ್ರತಿ ಹೀಟ್‌ಗೆ ಸೇರುವುದು ಶೇ 0.03. ಯಾವ ಹೀಟ್‌ಗೆ ಎಷ್ಟು ಕಿಲೋ ಹೋಯಿತು ಎಂಬುದನ್ನು ಚಾರ್ಜ್ ಶೀಟಿನಲ್ಲಿ ಬರೆದಿಡಿ.